ಫ್ಲೋಟ್ ಮಟ್ಟ ಮತ್ತು ಮೇ ತಿಂಗಳ ಗಾಳಿ: ಕಲಬುರಗಿ ಸೀಮೆಯಲ್ಲಿ ಲಘು ವಿಮಾನದ ಕಾರ್ಬ್ಯುರೇಟರ್

ಲಘು ವಿಮಾನದ ಎಂಜಿನ್ ಒರಟಾಗಿ ಓಡತೊಡಗಿ ಕಪ್ಪು ಹೊಗೆ ಕಂಡರೆ, ಕಾರ್ಬ್ಯುರೇಟರ್ ಬಿಚ್ಚಿ ಫ್ಲೋಟ್ ಮಟ್ಟ ಇಳಿಸೋಣ ಎಂದು ಮೊದಲು ತೋಚುತ್ತದೆ. ಬಿಸಿಲ ನಾಡಿನಲ್ಲಿ ಈ ಉಪಾಯ ಬಹುಪಾಲು ತಪ್ಪುದಾರಿ ಎಂಬುದು ಈ ಲೇಖನದ ವಾದ. ಫ್ಲೋಟ್ ಮಟ್ಟ ಉಳಿದೆಲ್ಲ ಅಳತೆಗಳ ಆಧಾರಗೆರೆ. ಎಂಜಿನ್ನಿನ ಲಕ್ಷಣ ನೋಡಿ ಅದನ್ನೇ ಏರಿಳಿಸಿದರೆ ಮುಂದಿನ ಯಾವ ತಪಾಸಣೆಯನ್ನೂ ನಂಬುವಂತಿಲ್ಲ.

ಈ ಪ್ರಶ್ನೆ ನಮ್ಮ ಭಾಗಕ್ಕೆ ಈಗ ಹತ್ತಿರದ್ದು. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. 2021ರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ಹಾರಾಟ ತರಬೇತಿ ಶಾಲೆಗಳಿಗಾಗಿ ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿಯ ಜೊತೆ ಕಲಬುರಗಿಯೂ ಇತ್ತು. ಮಾದನಹಿಪ್ಪರಗಾದಿಂದ ಅಫಜಲಪುರ, ಜೇವರ್ಗಿಗಳವರೆಗೆ ಹಬ್ಬಿದ ತೊಗರಿ, ಜೋಳದ ಎರೆ ನೆಲದ ಮೇಲೆ ಮೇ ತಿಂಗಳಲ್ಲಿ ಉಷ್ಣತೆ 42 ಡಿಗ್ರಿ ಮುಟ್ಟುವುದು ಹೊಸತೇನಲ್ಲ. ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಎತ್ತರದಲ್ಲಿದೆ. ಆ ಬಿಸಿಯಲ್ಲಿ ಅಲ್ಲಿನ ಗಾಳಿಯ ಸಾಂದ್ರತೆ ಪ್ರಮಾಣಿತ ವಾತಾವರಣದ ಸುಮಾರು 4,800 ಅಡಿ ಎತ್ತರದ ಗಾಳಿಗೆ ಸಮ. ಎಂದರೆ ಸಮುದ್ರಮಟ್ಟದ ಪ್ರಮಾಣಿತ ಗಾಳಿಗಿಂತ ಸುಮಾರು 13 ಪ್ರತಿಶತ ತೆಳು.

ಕಾರ್ಬ್ಯುರೇಟರಿನ ಒಳಗೆ ನಡೆಯುವುದಿಷ್ಟು. ಬೌಲಿನಲ್ಲಿ ಇಂಧನ ಏರಿದಂತೆ ಫ್ಲೋಟ್ ಮೇಲೆದ್ದು ನೀಡಲ್ ವಾಲ್ವನ್ನು ಒತ್ತಿ ಮುಚ್ಚುತ್ತದೆ. ನಿಂತ ಇಂಧನದ ಮಟ್ಟ ನಾಜಲ್‌ನ ಬಾಯಿಗಿಂತ ತುಸು ಕೆಳಗಿರುತ್ತದೆ. ವೆಂಚುರಿಯ ಇಕ್ಕಟ್ಟಿನಲ್ಲಿ ಗಾಳಿ ವೇಗವಾಗಿ ಸಾಗುವಾಗ ಉಂಟಾಗುವ ಸೆಳೆತ ಮೊದಲು ಆ ಅಂತರವನ್ನು ಗೆಲ್ಲಬೇಕು, ಆಮೇಲಷ್ಟೇ ಇಂಧನ ಹೊರಬರುತ್ತದೆ. ಒಂದು ಮಿಲಿಮೀಟರ್ ಪೆಟ್ರೋಲ್ ಎಂದರೆ ಸುಮಾರು 7 ಪಾಸ್ಕಲ್ ಒತ್ತಡ. ಲೆಕ್ಕಕ್ಕಾಗಿ ಕಡಿಮೆ ಥ್ರಾಟಲ್‌ನಲ್ಲಿ ಸೆಳೆತ 500 ಪಾಸ್ಕಲ್, ಪೂರ್ಣ ಥ್ರಾಟಲ್‌ನಲ್ಲಿ 4,000 ಎಂದಿಟ್ಟುಕೊಳ್ಳೋಣ. ಮಟ್ಟ 3 ಮಿ.ಮೀ. ತಪ್ಪಿದರೆ ಮೊದಲ ಸ್ಥಿತಿಯಲ್ಲಿ ಇಂಧನದ ಹರಿವು ಸುಮಾರು 2 ಪ್ರತಿಶತ ಬದಲಾಗುತ್ತದೆ. ಎರಡನೆಯದರಲ್ಲಿ ಸುಮಾರು ಕಾಲು ಪ್ರತಿಶತವಷ್ಟೇ, ಏಕೆಂದರೆ ಹರಿವು ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ.

ಈಗ ಬಿಸಿಲಿನ ಲೆಕ್ಕ. ವೆಂಚುರಿ ಕಾರ್ಬ್ಯುರೇಟರ್‌ನಲ್ಲಿ ಗಾಳಿ 13 ಪ್ರತಿಶತ ತೆಳುವಾದರೆ ಮಿಶ್ರಣ ತಾನಾಗಿಯೇ ಸುಮಾರು 7 ಪ್ರತಿಶತ ರಿಚ್ (ಇಂಧನ ಹೆಚ್ಚು) ಆಗುತ್ತದೆ. ಇದನ್ನು ಪೂರ್ಣ ಥ್ರಾಟಲ್‌ನಲ್ಲಿ ಫ್ಲೋಟ್ ಇಳಿಸಿಯೇ ಸರಿಪಡಿಸಬೇಕೆಂದರೆ ಮಟ್ಟವನ್ನು ಸುಮಾರು 75 ಮಿ.ಮೀ. ಕೆಳಗೆ ತರಬೇಕು. ಅಷ್ಟು ಆಳದ ಬೌಲೇ ಇಂಥ ಕಾರ್ಬ್ಯುರೇಟರ್‌ಗಳಿಗಿಲ್ಲ! ಬಿಸಿಲು ತಂದ ದೋಷಕ್ಕೆ ಮದ್ದು ಬೇರೆಡೆ ಇದೆ: ಸೆಸ್ನಾ 172ರ ಹಳೆಯ ಮಾದರಿಗಳಲ್ಲಿ ಪೈಲಟ್‌ನ ಕೈಯಲ್ಲಿರುವ ಮಿಕ್ಸ್ಚರ್ ನಾಬ್.

ಕರ್ನಾಟಕದ್ದೇ ಉದಾಹರಣೆ ಬೇಕೆಂದರೆ ಹಿಂದುಸ್ತಾನ್ ಏರ್‌ಕ್ರಾಫ್ಟ್ ಬೆಂಗಳೂರಿನಲ್ಲಿ ಕಟ್ಟಿದ ಪುಷ್ಪಕ್ ಇದೆ. 1958ರಲ್ಲಿ ಮೊದಲು ಹಾರಿದ ಈ ಎರಡು ಸೀಟಿನ ವಿಮಾನಕ್ಕೆ 90 ಅಶ್ವಶಕ್ತಿಯ ಕಾಂಟಿನೆಂಟಲ್ ಸಿ90 ಎಂಜಿನ್. ಆ ಸರಣಿಯಲ್ಲಿ ಸಾಮಾನ್ಯವಾಗಿದ್ದ ಸ್ಟ್ರೋಂಬರ್ಗ್ ಎನ್‌ಎ-ಎಸ್3 ಕಾರ್ಬ್ಯುರೇಟರ್‌ನಲ್ಲಿ ಇಂಧನವು ಎರಡು ಭಾಗ ಕೂಡುವ ಮೇಲ್ಮೈಯಿಂದ 13/32 ಇಂಚು, ಅಂದರೆ ಸುಮಾರು 10.3 ಮಿ.ಮೀ. ಕೆಳಗೆ ನಿಲ್ಲಬೇಕು. ಅಳೆಯುವಾಗ ಇಂಧನದ ಒತ್ತಡ ಅರ್ಧ ಪಿಎಸ್‌ಐ ಇರಬೇಕು. ಇದು ಕಾರ್ಬ್ಯುರೇಟರಿಗಿಂತ ಸುಮಾರು ಅರ್ಧ ಮೀಟರ್ ಮೇಲೆ ನಿಂತ ಇಂಧನ ಕೊಡುವ ಒತ್ತಡ. ಒತ್ತಡ ಹೆಚ್ಚಿದರೆ ನೀಡಲ್ ಮುಚ್ಚಲು ಫ್ಲೋಟ್ ಇನ್ನಷ್ಟು ಮುಳುಗಬೇಕು, ಮಟ್ಟ ಏರುತ್ತದೆ. ಒತ್ತಡ ಬರೆಯದ ಮಟ್ಟದ ಅಳತೆಗೆ ಬೆಲೆಯಿಲ್ಲ ಎನ್ನುವುದು ಇದಕ್ಕೇ. ಬೌಲಿನ ಗೋಡೆಗೆ ಇಂಧನ ಹತ್ತಿ ನಿಲ್ಲುವುದರಿಂದ ನಡುಭಾಗದಲ್ಲೇ ಅಳೆಯಬೇಕು. ಹೊಂದಿಕೆ ನಡೆಯುವುದು ನೀಡಲ್ ಸೀಟಿನ ಕೆಳಗಿನ ವಾಷರ್‌ಗಳ ದಪ್ಪ ಬದಲಿಸಿ. ನಿಯೋಪ್ರೀನ್ ತುದಿಯ ನೀಡಲ್‌ಗಳು ಇಂಧನ ಹೀರಿ ಉಬ್ಬುತ್ತಿದ್ದವು. ಅಂಥಲ್ಲಿ ವಾಷರ್ ಮುಟ್ಟಿದರೆ ಮೂಲದೋಷ ಮುಚ್ಚಿಹೋಗುತ್ತದೆ.

ರೋಟ್ಯಾಕ್ಸ್ 912 ಎಂಜಿನ್ನಿನ ಬಿಂಗ್ ಕಾರ್ಬ್ಯುರೇಟರ್‌ನ ಕಥೆ ಬೇರೆ. ಅಲ್ಲಿ ಕಾರ್ಬ್ಯುರೇಟರಿನದೇ ಪಿಸ್ಟನ್ ಮೇಲೆ ಕೆಳಗೆ ಆಡಿ ಸೆಳೆತವನ್ನು ಬಹುಮಟ್ಟಿಗೆ ಒಂದೇ ಸಮ ಇಡುವುದರಿಂದ ಮಟ್ಟದ ತಪ್ಪು ಎಲ್ಲ ಥ್ರಾಟಲ್ ಸ್ಥಿತಿಗಳಲ್ಲೂ ಸುಮಾರು ಅದೇ ಪ್ರಮಾಣದಲ್ಲಿ ಕಾಣಬೇಕು. ಎತ್ತರಕ್ಕೂ ಅದು ಸ್ವಲ್ಪಮಟ್ಟಿಗೆ ತಾನೇ ಹೊಂದಿಕೊಳ್ಳುತ್ತದೆ, ಪೈಲಟ್‌ಗೆ ಮಿಕ್ಸ್ಚರ್ ಹಿಡಿ ಇಲ್ಲ. ನಿಜವಾದ ಅಪಾಯ ಫ್ಲೋಟ್‌ನ ತೂಕದಲ್ಲಿದೆ. ಪ್ರತಿ ಬೌಲಿನ ಎರಡು ಫ್ಲೋಟ್‌ಗಳೂ ಸೇರಿ 7 ಗ್ರಾಂ ಮೀರಬಾರದು. ಇಂಧನ ಹೀರಿ ಭಾರವಾದ ಫ್ಲೋಟ್ ತಗ್ಗುತ್ತದೆ, ಬೌಲ್ ತುಂಬಿ ವೆಂಟ್‌ನಿಂದ ಸೋರುತ್ತದೆ. ಒಂದೊಂದು ಕಾರ್ಬ್ಯುರೇಟರ್ ತನ್ನ ಬದಿಯ ಎರಡು ಸಿಲಿಂಡರ್‌ಗಳಿಗೆ ಉಣಿಸುವುದರಿಂದ ಒಂದೇ ಬದಿ ರಿಚ್ ಆಗಿ ಎಂಜಿನ್ ನಡುಗುತ್ತದೆ, ಆ ಪೆಟ್ಟು ಗೇರ್‌ಬಾಕ್ಸಿಗೆ ಬೀಳುತ್ತದೆ. ಇದನ್ನು ಫ್ಲೋಟ್ ಬ್ರಾಕೆಟ್ ಬಗ್ಗಿಸಿ ಸರಿಮಾಡಲು ಹೊರಡುವುದು ಜ್ವರದ ರೋಗಿಗೆ ಥರ್ಮಾಮೀಟರ್ ತಿದ್ದಿದಂತೆ.

ಮಾದನಹಿಪ್ಪರಗಾದಂಥ ಊರುಗಳ ಬೈಕ್ ಮೆಕ್ಯಾನಿಕ್‌ಗಳು ಫ್ಲೋಟ್‌ನ ಹಿತ್ತಾಳೆ ನಾಲಿಗೆಯನ್ನು ಕಣ್ಣಳತೆಯಲ್ಲೇ ಬಗ್ಗಿಸಿ ಹದ ಕಂಡವರು. ಅವರ ಕೈ ಅನುಭವಕ್ಕೆ ನನ್ನಲ್ಲಿ ನಿಜವಾದ ಗೌರವವಿದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಫ್ಯುಯೆಲ್ ಇಂಜೆಕ್ಷನ್ ನೆಲೆಯಾಗಿ, ಈ ಕೌಶಲ ಕಲಿಯುವ ಎಳೆಯರು ಕಡಿಮೆಯಾಗುತ್ತಿದ್ದಾರೆ. ವಿಮಾನದಲ್ಲೂ ಹಾದಿ ಅದೇ: ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ತರಬೇತಿ ವಿಮಾನ ಹಂಸ-3 ರೋಟ್ಯಾಕ್ಸ್ 914ರ ಕಾರ್ಬ್ಯುರೇಟರ್ ನೆಚ್ಚಿದ್ದರೆ, 2021ರ ಸೆಪ್ಟೆಂಬರ್‌ನಲ್ಲಿ ಹಾರಿದ ಹಂಸ-ಎನ್‌ಜಿಯ ರೋಟ್ಯಾಕ್ಸ್ 912 ಐಎಸ್‌ಸಿ ಎಂಜಿನ್ನಿನಲ್ಲಿ ಫ್ಲೋಟೇ ಇಲ್ಲ. ಆದರೆ ಕಾರ್ಬ್ಯುರೇಟರ್ ಇರುವ ತರಬೇತಿ ವಿಮಾನಗಳು ಇನ್ನೂ ಬಹಳ ಕಾಲ ಹಾರಲಿವೆ.

ಅವುಗಳಿಗಾಗಿ ನನ್ನ ಸಲಹೆ ಒಂದು. ಬೌಲ್ ಬಿಚ್ಚಿದಾಗಲೆಲ್ಲ ಫ್ಲೋಟ್‌ನ ತೂಕ, ಅಳೆದ ಮಟ್ಟ ಅಥವಾ ಬ್ರಾಕೆಟ್ ಸ್ಥಾನ, ಇಂಧನದ ಒತ್ತಡ, ಇಂಧನದ ಬಗೆ ಮತ್ತು ಆ ಹೊತ್ತಿನ ಉಷ್ಣತೆಯನ್ನು ಲಾಗ್ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಬರೆಯಬೇಕು. ಜನವರಿಯ ಮತ್ತು ಮೇ ತಿಂಗಳ ಸಾಲುಗಳನ್ನು ಅಕ್ಕಪಕ್ಕ ಇಟ್ಟಾಗ, ತೂಕ ಏರದೆ ಮಟ್ಟ ನಿಂತಲ್ಲೇ ನಿಂತಿದ್ದರೆ ಫ್ಲೋಟನ್ನು ಮುಟ್ಟದೆ ಗಾಳಿಯ ಫಿಲ್ಟರ್, ಚೋಕ್ ಮತ್ತು ಪಂಪಿನ ಒತ್ತಡದ ಕಡೆ ನೋಡಬೇಕು.