ಹದಿನೈದು ಸೆಕೆಂಡಿಗೊಮ್ಮೆ ಬಾರಿಸುವ ಗಂಟೆ

ನಮ್ಮೂರಲ್ಲಿ ಗುಡ್ಡಕ್ಕೆ ಮೇಯಲು ಬಿಡುವ ದನದ ಕೊರಳಿಗೆ ಗಂಟೆ ಕಟ್ತಾರೆ. ದನ ಯಾವ ಪೊದೆ ಹಿಂದೆ ಇದ್ದರೂ ಸದ್ದಿನಲ್ಲೇ ಗೊತ್ತಾಗುತ್ತೆ. ಆಫೀಸಿನ ಐಡಿ ಕಾರ್ಡ್ ಕೊರಳಿಗೆ ಹಾಕಿಕೊಂಡಾಗೆಲ್ಲ ನನಗೆ ಆ ಗಂಟೆ ನೆನಪಾಗುತ್ತೆ.

ಈ ಕಾರ್ಡಿಗೂ ಒಂದು ಇತಿಹಾಸ ಇದೆ. 1990ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಒಲಿವೆಟ್ಟಿ ಸಂಶೋಧನಾಲಯದಲ್ಲಿ ರಾಯ್ ವಾಂಟ್, ಆಂಡಿ ಹಾಪರ್ ಮತ್ತು ಜೊತೆಗಾರರು ‘ಆಕ್ಟಿವ್ ಬ್ಯಾಡ್ಜ್’ ಮಾಡಿದರು. ಆಗಿನ್ನೂ ಎಲ್ಲರ ಜೇಬಲ್ಲಿ ಮೊಬೈಲ್ ಇರಲಿಲ್ಲ. ಯಾರಿಗಾದರೂ ಫೋನ್ ಬಂದರೆ ಅವರು ಕೂತಿರುವ ಕೋಣೆಗೇ ಅದನ್ನು ವರ್ಗಾಯಿಸಬೇಕು, ಅಷ್ಟೇ ಉದ್ದೇಶ. ಎದೆ ಮೇಲಿನ ಬ್ಯಾಡ್ಜು 15 ಸೆಕೆಂಡಿಗೊಮ್ಮೆ ತನ್ನ ಗುರುತನ್ನು ಇನ್‌ಫ್ರಾರೆಡ್‌ನಲ್ಲಿ ಕಳಿಸ್ತಿತ್ತು, ಥೇಟ್ ಟಿವಿ ರಿಮೋಟಿನ ಹಾಗೆ. ಆ ಬೆಳಕು ಗೋಡೆ ದಾಟಲ್ಲ. ಹಾಗಾಗಿ ಯಾವ ಕೋಣೆಯ ಸೆನ್ಸರಿಗೆ ಕಂಡಿತೋ ಮನುಷ್ಯ ಅಲ್ಲೇ ಇದ್ದಾನೆ ಅಂತ ಲೆಕ್ಕ.

1991ರಲ್ಲಿ ಜೆರಾಕ್ಸ್ ಪಾರ್ಕ್‌ನ ಮಾರ್ಕ್ ವೈಸರ್, ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ಲೇಖನದಲ್ಲಿ, ಬ್ಯಾಡ್ಜು ನೋಡಿ ಸರಿಯಾದವರಿಗಷ್ಟೇ ತೆರೆಯುವ ಬಾಗಿಲುಗಳ ಬಗ್ಗೆ ಬರೆದರು. 1992ರಲ್ಲಿ ಕೇಂಬ್ರಿಡ್ಜ್ ತಂಡದ ಪ್ರಬಂಧ ಪ್ರಕಟವಾಯ್ತು. ಅದರಲ್ಲಿ ‘ಫೈಂಡ್’ ಎಂಬ ಕಮಾಂಡಿನ ಜೊತೆಗೆ ‘ಹಿಸ್ಟರಿ’ ಎಂಬುದೂ ಇತ್ತು. ಒಬ್ಬ ವ್ಯಕ್ತಿ ಇಷ್ಟು ಹೊತ್ತು ಎಲ್ಲೆಲ್ಲಿದ್ದ ಅಂತ ಅದು ಹೇಳ್ತಿತ್ತು. ಖಾಸಗಿತನದ ಪ್ರಶ್ನೆಯನ್ನೂ ಅವರು ಅದೇ ಪ್ರಬಂಧದಲ್ಲಿ ಎತ್ತಿಕೊಂಡಿದ್ದರು. ಬೇಡ ಅನ್ನಿಸಿದರೆ ಬ್ಯಾಡ್ಜು ಬಿಚ್ಚಿ ಮೇಜಿನ ಮೇಲಿಟ್ಟರೆ ಮುಗೀತು. 2000ದಲ್ಲಿ ಮೈಕ್ರೋಸಾಫ್ಟ್‌ನ ‘ರೇಡಾರ್’ ಯೋಜನೆ, ವೈರ್‌ಲೆಸ್ ನೆಟ್‌ವರ್ಕಿನ ಸಿಗ್ನಲ್ ಬಲದಿಂದಲೇ ಜನರ ಜಾಗವನ್ನು ಕೆಲವೇ ಮೀಟರುಗಳ ಅಂತರದಲ್ಲಿ ಅಂದಾಜಿಸಿತು. ಈಗ ಅದೇ ಕೆಲಸಕ್ಕೆ ಬ್ಲೂಟೂತ್ ಬಂದಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ತಂಡವೂ ಒಂದು ಕಟ್ಟಡಕ್ಕೆ ಇಂಥದ್ದೇ ವ್ಯವಸ್ಥೆ ಮಾಡಿತು. ಸರ್ವರ್ ರೂಮಿಗೆ ಯಾರ್ಯಾರೋ ನುಗ್ಗಬಾರದು, ಬೆಂಕಿ ಬಿದ್ದರೆ ಒಳಗೆ ಯಾರು ಉಳಿದಿದ್ದಾರೆ ಅಂತ ಗೊತ್ತಾಗಬೇಕು. ಒಳ್ಳೇ ಉದ್ದೇಶವೇ. ಮೂರು ತಿಂಗಳಾದ ಮೇಲೆ ಒಂದು ಮೇಲ್ ಬಂತು: ಹೌಸ್‌ಕೀಪಿಂಗ್‌ನವರು ಮೆಟ್ಟಿಲ ಹತ್ತಿರ ಎಷ್ಟೆಷ್ಟು ಹೊತ್ತು ಇರ್ತಾರೆ, ರಿಪೋರ್ಟ್ ಬೇಕು. ಹತ್ತು ಸಾಲಿನ ಕ್ವೆರಿ. ಬರೆದುಕೊಟ್ಟೆ.

ಮುಂದಿನ ವಾರ ನಮ್ಮ ಫ್ಲೋರ್ ಗುಡಿಸುವ ಅಕ್ಕ ಕೇಳಿದರು, “ಸಾರ್, ನಾನು ಎಲ್ಲಿ ಕೂತು ಊಟ ಮಾಡ್ತೀನಿ ಅಂತ ಈ ಕಾರ್ಡು ಹೇಳಿಬಿಡುತ್ತಾ?” ಅವರಿಗೆ ಕೂತು ಉಣ್ಣೋಕೆ ಆ ಮೆಟ್ಟಿಲು ಬಿಟ್ಟರೆ ಬೇರೆ ಜಾಗವೇ ಇರಲಿಲ್ಲ. “ಹೌದಕ್ಕ” ಅಂದೆ. ರಿಪೋರ್ಟ್ ಬರೆದವನು ನಾನೇ ಅಂತ ಹೇಳೋಕೆ ಬಾಯಿ ಬರಲಿಲ್ಲ.

ಕೇಂಬ್ರಿಡ್ಜ್‌ನಲ್ಲಿ ಬ್ಯಾಡ್ಜು ಮಾಡಿದವರೇ ಅದನ್ನು ಹಾಕಿಕೊಂಡಿದ್ದರು, ಬೇಡವಾದರೆ ತೆಗೆದಿಡಬಹುದಿತ್ತು. ಅಕ್ಕ ಕಾರ್ಡು ತೆಗೆದಿಟ್ಟರೆ ಬಾಗಿಲೇ ತೆರೆಯಲ್ಲ. ಬಾಗಿಲು ತೆರೆಯುವುದೂ ಬೆನ್ನು ಹತ್ತುವುದೂ ಒಂದೇ ಕಾರ್ಡಿನ ಕೆಲಸವಾದಾಗ ಆ ಹಳೇ ಆಯ್ಕೆ ಸತ್ತುಹೋಯ್ತು. ಈಗ ಇಂಥ ಕೆಲಸ ಬಂದರೆ ನಾನು ಮೊದಲು ಕೇಳೋದು ಎರಡೇ ಪ್ರಶ್ನೆ: ಹಿಸ್ಟರಿ ಎಷ್ಟು ದಿನಕ್ಕೆ ಅಳಿಸ್ತೀರಿ? ಅದನ್ನು ಯಾರು ನೋಡ್ತಾರೆ?

ಗಂಟೆ ಕಟ್ಟಿದವರು ಯಾರು ಅಂತ ದನ ಕೇಳಲ್ಲ. ನಾವು ಕೇಳಬಹುದು.