ಹತ್ತಿರದ ಗುರಿ: ಯಾಹಿ ಜನರ ಬಿಲ್ಲುಬೇಟೆಯ ಕ್ರಮ

ಬಿಲ್ಲಿನ ಇತಿಹಾಸವನ್ನು ಬರೆದವರಲ್ಲಿ ಹೆಚ್ಚಿನವರು ಅದನ್ನು ಯುದ್ಧದ ಆಯುಧವೆಂದೇ ಭಾವಿಸಿ ವಿವೇಚಿಸಿದ್ದಾರೆ. 1346ರ ಕ್ರೆಸಿ ಕದನ, 1415ರ ಅಜಿನ್ಕೂರ್ ಕದನ ಮೊದಲಾದುವುಗಳಲ್ಲಿ ಇಂಗ್ಲಿಷ್ ಬಿಲ್ಲಾಳುಗಳು ಮೆರೆದ ಪರಾಕ್ರಮವು ಪಠ್ಯಪುಸ್ತಕಗಳಿಗೂ ಪರಿಚಿತವಾದ ವಿಷಯವಾಗಿದೆ. ಇಂತಹ ವಿವೇಚನೆಯಲ್ಲಿ ಬಿಲ್ಲಿನ ಹಿರಿಮೆಯನ್ನು ಅಳೆಯುವ ಮಾನವು ಬಾಣ ಕ್ರಮಿಸುವ ದೂರವೇ ಆಗಿರುವುದು ಸಹಜ. ಆದರೆ ಮನುಷ್ಯನು ಯುದ್ಧಕ್ಕಿಂತ ಬಹು ಹಿಂದೆಯೇ ಬೇಟೆಗಾಗಿ ಬಿಲ್ಲನ್ನು ಹಿಡಿದನು. ಬೇಟೆಯ ಬಿಲ್ಲಿಗೆ ಬೇರೊಂದು ಮಾನವುಂಟು. ಅಲ್ಲಿ ಬಾಣವು ಎಷ್ಟು ದೂರ ಹೋಗುತ್ತದೆ ಎಂಬುದಕ್ಕಿಂತ ಬೇಟೆಗಾರನು ಮೃಗಕ್ಕೆ ಎಷ್ಟು ಹತ್ತಿರ ಹೋಗಬಲ್ಲನು ಎಂಬುದೇ ಮುಖ್ಯ. ಈ ಎರಡನೆಯ ವಿದ್ಯೆಗೆ ಲಿಖಿತ ಆಧಾರಗಳು ವಿರಳ. ಅದನ್ನು ಬಲ್ಲವರು ಬರೆಯಲಿಲ್ಲ, ಬರೆಯಬಲ್ಲವರು ಬಹುಮಟ್ಟಿಗೆ ಅದನ್ನು ಅರಿಯಲಿಲ್ಲ. ಅಪರೂಪವಾಗಿ ದೊರೆತಿರುವ ಅಂತಹ ಒಂದು ಆಧಾರವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಉತ್ತರ ಕ್ಯಾಲಿಫೋರ್ನಿಯದ ಯಾಹಿ ಜನರಲ್ಲಿ ಕಟ್ಟಕಡೆಗೆ ಉಳಿದವನಾದ ಇಷಿಯಿಂದ ಸ್ಯಾಕ್ಸ್‌ಟನ್ ಪೋಪ್ ಎಂಬ ವೈದ್ಯನು ಕಲಿತು ಬರೆದಿಟ್ಟ ವೃತ್ತಾಂತವೇ ಆ ಆಧಾರ.

ಯಾಹಿಗಳು ಯಾನ ಎಂಬ ಜನವರ್ಗದ ದಕ್ಷಿಣದ ಶಾಖೆಯವರು. ಸ್ಯಾಕ್ರಮೆಂಟೊ ನದಿಯ ಪೂರ್ವಕ್ಕೆ, ಲ್ಯಾಸೆನ್ ಪರ್ವತದ ತಪ್ಪಲಿನಲ್ಲಿ, ಮಿಲ್ ಕ್ರೀಕ್ ಮತ್ತು ಡೀರ್ ಕ್ರೀಕ್ ಎಂಬ ಹೊಳೆಗಳ ಕಡಿದಾದ ಕಣಿವೆಗಳು ಅವರ ನೆಲೆಯಾಗಿದ್ದುವು. ಅವರು ಎಂದೂ ಕೆಲವು ನೂರು ಮಂದಿಗಿಂತ ಹೆಚ್ಚಾಗಿರಲಿಲ್ಲವೆಂದು ವಿದ್ವಾಂಸರು ಊಹಿಸಿದ್ದಾರೆ. 1848ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿನ್ನ ಸಿಕ್ಕಿದ ಮೇಲೆ ಬಿಳಿಯರ ವಲಸೆ ಹೊಳೆಯಂತೆ ಹರಿದು ಬಂದಿತು. ಬೇಟೆಯ ನೆಲವೂ ಮೀನಿನ ಹೊಳೆಗಳೂ ಕೈಬಿಟ್ಟುಹೋದುವು. ಹಸಿದ ಯಾಹಿಗಳು ವಲಸೆಗಾರರ ದನಗಳ ಮೇಲೆ ಕೈಮಾಡಿದರು. ಅದಕ್ಕೆ ಪ್ರತೀಕಾರವೆಂದು ವಲಸೆಗಾರರು ಗುಂಪುಕಟ್ಟಿಕೊಂಡು ಬಂದು, ಹೆಂಗಸರು ಮಕ್ಕಳೆನ್ನದೆ ಕೊಂದರು. 1865ರಿಂದ 1871ರವರೆಗಿನ ಅವಧಿಯಲ್ಲಿ ನಡೆದ ಹಲವು ಹತ್ಯಾಕಾಂಡಗಳ ಬಳಿಕ ಯಾಹಿ ಜನವೇ ಅಳಿದುಹೋಯಿತೆಂದು ನೆರೆಹೊರೆಯವರು ನಂಬಿದರು.

ಆದರೆ ಬೆರಳೆಣಿಕೆಯಷ್ಟು ಮಂದಿ ಉಳಿದಿದ್ದರು. ಮುಂದಿನ ಸುಮಾರು ನಾಲ್ವತ್ತು ವರ್ಷ ಅವರು ಯಾರ ಕಣ್ಣಿಗೂ ಬೀಳದೆ ಬಾಳಿದರು. ಹೆಜ್ಜೆಯ ಗುರುತು ಮೂಡದಂತೆ ಬಂಡೆಯಿಂದ ಬಂಡೆಗೆ ಕಾಲಿಡುವುದು, ಪೊದೆಗಳನ್ನು ಕಡಿಯದೆ ಅವುಗಳ ಅಡಿಯಲ್ಲಿ ತೆವಳಿ ಹೋಗುವುದು, ಹಗ್ಗ ಹಿಡಿದು ಕಣಿವೆಗೆ ಇಳಿಯುವುದು, ಹೊಗೆ ಮೇಲೇಳದಂತೆ ಸಣ್ಣ ಬೆಂಕಿಯಲ್ಲಿ ಅಡಿಗೆ ಮಾಡುವುದು ಅವರ ನಿತ್ಯದ ನಡೆಯಾಯಿತು. ಇಂತಹ ಬಾಳಿನಲ್ಲಿ ಬಂದೂಕಿನ ಒಂದು ಸದ್ದು ಎಲ್ಲರಿಗೂ ಮೃತ್ಯುವಾಗಬಹುದಾಗಿತ್ತು. ಬಿಲ್ಲಾದರೋ ಮೌನವಾಗಿ ಅನ್ನವನ್ನು ಒದಗಿಸುತ್ತಿತ್ತು. ಹತ್ತಿರದಿಂದ ಹೊಡೆಯುವ ಬೇಟೆಯ ಕ್ರಮವು ಈ ಅಜ್ಞಾತವಾಸದಿಂದಲೇ ಹುಟ್ಟಿತೆಂದು ಹೇಳಲಾಗದು. ಅದು ಅವರ ಹಿರಿಯರಿಂದ ಬಂದದ್ದು. ಆದರೆ ಆ ಕ್ರಮದಲ್ಲಿ ಲೋಪವಾಗದಂತೆ ನೋಡಿಕೊಳ್ಳುವುದು ಈ ಕಾಲದಲ್ಲಿ ಪ್ರಾಣದ ಪ್ರಶ್ನೆಯಾಯಿತೆಂದು ನಾವು ಭಾವಿಸುತ್ತೇವೆ. ತಪ್ಪಿದ ಬಾಣವೆಂದರೆ ಒಂದು ಹೊತ್ತಿನ ಊಟ ಮಾತ್ರವಲ್ಲ. ಗಾಯಗೊಂಡ ಜಿಂಕೆ ಬಿಳಿಯನ ಹೊಲದತ್ತ ಓಡಿದರೆ ಅದರ ಮೈಯಲ್ಲಿ ನೆಟ್ಟ ಬಾಣವೇ ಸಾಕ್ಷಿಯಾಗುತ್ತಿತ್ತು.

1908ರಲ್ಲಿ ಡೀರ್ ಕ್ರೀಕಿನ ಕಣಿವೆಯಲ್ಲಿ ಭೂಮಾಪನಕ್ಕೆ ಬಂದವರು ಅವರ ಅಡಗುದಾಣವನ್ನು ಕಂಡರು. ಇದ್ದವರು ಚದರಿದರು, ನಡೆಯಲಾರದ ಮುದುಕಿಯೊಬ್ಬಳು ಮಾತ್ರ ಉಳಿದಳು. ಬಂದವರು ಆಕೆಗೆ ಕೇಡು ಮಾಡಲಿಲ್ಲವಾದರೂ ಬಿಲ್ಲುಬಾಣ, ಚರ್ಮ, ಬುಟ್ಟಿ ಮೊದಲಾದ ಸಾಮಗ್ರಿಗಳನ್ನೆಲ್ಲ ನೆನಪಿನ ವಸ್ತುಗಳೆಂದು ಹೊತ್ತೊಯ್ದರು. ಚಳಿಗಾಲದ ಹೊಸ್ತಿಲಲ್ಲಿ ಬೇಟೆಯ ಸಾಧನಗಳನ್ನು ಕಳೆದುಕೊಂಡ ಆ ಸಣ್ಣ ಕುಟುಂಬದಲ್ಲಿ ಕೊನೆಗೆ ಒಬ್ಬನೇ ಉಳಿದನು. 1911ರ ಆಗಸ್ಟ್ 29ರಂದು, ಸುಮಾರು ಐವತ್ತರ ಪ್ರಾಯದ ಆತನು ಹಸಿವಿನಿಂದ ಕಂಗೆಟ್ಟು ಓರೊವಿಲ್ ಪಟ್ಟಣದ ಹೊರವಲಯದ ಕಸಾಯಿಖಾನೆಯ ಬಳಿ ಕಾಣಿಸಿಕೊಂಡನು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಮಾನವಶಾಸ್ತ್ರಜ್ಞ ವಾಟರ್‌ಮನ್ ಯಾನ ಭಾಷೆಯ ಪದಗಳ ಪಟ್ಟಿಯೊಂದನ್ನು ಹಿಡಿದು ಆತನ ಬಳಿಗೆ ಬಂದು, ಒಂದೊಂದಾಗಿ ಓದುತ್ತ ಹೋದನು. ಪೈನ್ ಮರವನ್ನು ಸೂಚಿಸುವ ‘ಸಿವಿನಿ’ ಎಂಬ ಪದ ಬಂದಾಗ, ತಾವು ಕುಳಿತಿದ್ದ ಮಂಚದ ಮರವನ್ನು ತಟ್ಟಿ ತೋರಿಸಲು ಇಬ್ಬರಿಗೂ ಅರ್ಥ ತಿಳಿಯಿತು. ತನ್ನ ಹೆಸರನ್ನು ಆತನು ಕಡೆಯವರೆಗೂ ಹೇಳಲಿಲ್ಲ. ‘ಇಷಿ’ ಎಂದರೆ ಆತನ ಭಾಷೆಯಲ್ಲಿ ‘ಮನುಷ್ಯ’ ಎಂದಷ್ಟೇ ಅರ್ಥ. ಅದು ಕ್ರೋಬರ್ ಇಟ್ಟ ಹೆಸರು. ಸ್ಯಾನ್ ಫ್ರಾನ್ಸಿಸ್ಕೊದ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯದಲ್ಲಿ ಆತನಿಗೆ ವಾಸ ಏರ್ಪಟ್ಟಿತು. ನೆರೆಯ ವೈದ್ಯಕೀಯ ಶಾಲೆಯಲ್ಲಿ ಶಸ್ತ್ರವೈದ್ಯದ ಅಧ್ಯಾಪಕನಾಗಿದ್ದ ಪೋಪ್ ಆತನ ವೈದ್ಯನೂ ಗೆಳೆಯನೂ ಶಿಷ್ಯನೂ ಆದನು.

ಇಷಿಯ ಬಿಲ್ಲು ಬೆಟ್ಟದ ಜೂನಿಪರ್ ಮರದ್ದು. ಉದ್ದ ಸುಮಾರು ಮೂರೂವರೆ ಅಡಿ; ಬೆನ್ನಿಗೆ ಜಿಂಕೆಯ ನರಗಳನ್ನು ಅಂಟಿಸಿ ಬಲಪಡಿಸಿದ್ದು. ಅದನ್ನು ಪೂರ್ತಿ ಸೆಳೆಯಲು ಬೇಕಾದ ಬಲ ನಾಲ್ವತ್ತು ಪೌಂಡುಗಳ ಆಸುಪಾಸು. ಇಂಗ್ಲಿಷ್ ಯುದ್ಧಬಿಲ್ಲಿಗೆ ಹೋಲಿಸಿದರೆ ಇದು ಆಟಿಕೆಯಂತೆ ತೋರಬಹುದು. ಬಾಣದ ಅಲಗು ಅಬ್ಸಿಡಿಯನ್ ಎಂಬ ಜ್ವಾಲಾಮುಖಿಜನ್ಯವಾದ ಕಪ್ಪು ಗಾಜುಕಲ್ಲಿನದು. ಬಿಳಿಯರು ಎಸೆದ ಸೀಸೆಯ ಗಾಜನ್ನೂ ಆತನು ಅಷ್ಟೇ ನಯವಾಗಿ ಅಲಗಾಗಿಸುತ್ತಿದ್ದನು. ಇಂತಹ ಅಲಗು ಮಾಂಸವನ್ನು ಹೊಗುವುದರಲ್ಲಿ ಉಕ್ಕಿನ ಅಲಗನ್ನೂ ಮೀರಿಸಿತೆಂದು ಪೋಪ್ ಮುಂದೆ ಪ್ರಯೋಗಗಳಿಂದ ಕಂಡುಕೊಂಡನು. ಇಷಿಯು ಹೆದೆಯನ್ನು ಹೆಬ್ಬೆರಳಿನಿಂದ ಸೆಳೆಯುತ್ತಿದ್ದನು. ಮಂಡಿಯೂರಿಯೋ ಕುಕ್ಕರಗಾಲಿನಲ್ಲಿ ಕುಳಿತೋ ಹೊಡೆಯುತ್ತಿದ್ದನು. ಗಿಡ್ಡವಾದ ಬಿಲ್ಲೂ ಕುಳಿತ ಭಂಗಿಯೂ ಒಂದಕ್ಕೊಂದು ಹೊಂದುತ್ತವೆ ಎಂಬುದನ್ನು ಗಮನಿಸಬೇಕು. ಪೊದೆಯ ಮರೆಯಲ್ಲಿ ಆಳೆತ್ತರದ ಬಿಲ್ಲನ್ನು ಸೆಳೆಯುವುದು ಅಸಾಧ್ಯ.

ಬೇಟೆಯ ಸಿದ್ಧತೆ ಬಿಲ್ಲಿನಿಂದಲ್ಲ, ಬೇಟೆಗಾರನ ದೇಹದಿಂದಲೇ ಮೊದಲಾಗುತ್ತಿತ್ತು. ಜಿಂಕೆಯ ಬೇಟೆಗೆ ಹೊರಡುವ ಮುನ್ನ ಇಷಿಯು ಮೀನನ್ನು ತಿನ್ನುತ್ತಿರಲಿಲ್ಲ, ಹೊಗೆಸೊಪ್ಪನ್ನು ಮುಟ್ಟುತ್ತಿರಲಿಲ್ಲ. ಬೆಳಗಿನ ಜಾವ ಎದ್ದು ಹೊಳೆಯಲ್ಲಿ ಮಿಂದು, ಸುವಾಸನೆಯ ಎಲೆಗಳಿಂದ ಮೈಯನ್ನು ಉಜ್ಜಿಕೊಂಡು, ಬಾಯಿ ತೊಳೆದು, ಉಪವಾಸದಲ್ಲಿಯೇ ಹೊರಡುತ್ತಿದ್ದನು. ಇದನ್ನು ಕೇವಲ ಮಡಿಯ ಆಚರಣೆಯೆಂದು ತಳ್ಳಿಹಾಕುವುದು ಸರಿಯಲ್ಲ. ಜಿಂಕೆಯು ಕಣ್ಣಿಗಿಂತ ಮೂಗನ್ನು ಹೆಚ್ಚು ನಂಬುವ ಪ್ರಾಣಿ. ಬಿಲ್ಲಿನ ವಿಷಯದಲ್ಲಿಯೂ ಆತನಿಗೆ ನಿಯಮಗಳಿದ್ದುವು. ಕೆಲಸವಿಲ್ಲದಾಗ ಹೆದೆಯನ್ನು ಬಿಚ್ಚಿ ಬಿಲ್ಲನ್ನು ಮಲಗಿಸಬೇಕು. ನಿಲ್ಲಿಸಿದ ಬಿಲ್ಲು ದುಡಿಯುತ್ತಲೇ ಇದ್ದು ಬಳಲುತ್ತದೆ ಎಂಬುದು ಆತನ ನಂಬಿಕೆ. ಮಲಗಿಸಿದ ಬಿಲ್ಲನ್ನು ಮಕ್ಕಳು ದಾಟಕೂಡದು. ಮೊದಲನೆಯ ನಿಯಮದಲ್ಲಿ ಮರದ ಗುಣದ ಅರಿವಿದೆ, ಎರಡನೆಯದರಲ್ಲಿ ಶ್ರದ್ಧೆಯಿದೆ. ಆತನ ಮನಸ್ಸಿನಲ್ಲಿ ಇವೆರಡೂ ಬೇರೆಬೇರೆಯಾಗಿರಲಿಲ್ಲ.

ಜಿಂಕೆಯನ್ನು ಹತ್ತಿರ ತರುವ ಉಪಾಯಗಳು ಮೂರು. ಮೊದಲನೆಯದು, ಜಿಂಕೆಯ ಜಾಡಿನ ಪಕ್ಕದಲ್ಲಿ ಬಂಡೆಯ ಮರೆಯಲ್ಲಿ ಹೊಂಚಿ ಕಾಯುವುದು. ಎರಡನೆಯದು, ಮಡಿಸಿದ ಎಲೆಯನ್ನು ತುಟಿಗಳ ನಡುವೆ ಇರಿಸಿ ಉಸಿರೆಳೆದು, ಜಿಂಕೆಮರಿಯ ಕೂಗನ್ನು ಅನುಕರಿಸಿ ತಾಯಿಯನ್ನು ಸೆಳೆಯುವುದು. ಮೂರನೆಯದು, ಒಳಗೆ ಹುಲ್ಲು ಮುಂತಾದುದನ್ನು ತುಂಬಿದ ಜಿಂಕೆಯ ತಲೆಯನ್ನು ತನ್ನ ತಲೆಗೆ ತೊಟ್ಟು, ಪೊದೆಯ ಮೇಲೆ ಆಗಾಗ ಇಣುಕಿ, ಮೃಗದ ಕುತೂಹಲವನ್ನು ಕೆರಳಿಸುವುದು. ಈ ಮೂರನೆಯ ಉಪಾಯವನ್ನು ಓದುವಾಗ ಕನ್ನಡ ವಿದ್ಯಾರ್ಥಿಗಳಿಗೆ ಹಳಗನ್ನಡ ಕಾವ್ಯಗಳಲ್ಲಿ ಬರುವ ‘ದೀವ’ದ ಬೇಟೆ ನೆನಪಾಗುವುದು ಸಹಜ. ಆದರೆ ವ್ಯತ್ಯಾಸವುಂಟು. ದೀವದ ಬೇಟೆಯಲ್ಲಿ ಪಳಗಿಸಿದ ಮೃಗವು ಕಾಡಿನ ಮೃಗವನ್ನು ಸೆಳೆಯುತ್ತದೆ. ಅದನ್ನು ಸಾಕಿ ಪಳಗಿಸಲು ಬಿಡುವೂ ಸಂಪತ್ತೂ ಬೇಕು. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಬೇಟೆಯನ್ನು ಅರಸನ ವಿನೋದಗಳ ಸಾಲಿಗೆ ಸೇರಿಸಿರುವುದು ಇದಕ್ಕೆ ತಕ್ಕುದಾಗಿದೆ. ಯಾಹಿಯ ಬೇಟೆಗಾರನಿಗಾದರೋ ತಾನೇ ದೀವವಾಗದೆ ಗತಿಯಿರಲಿಲ್ಲ.

ಇಷ್ಟೆಲ್ಲ ಶ್ರಮದ ಗುರಿ, ಹೊಡೆತದ ದೂರವನ್ನು ಕುಗ್ಗಿಸುವುದು. ಇಷಿಯು ಬೇಟೆಯಲ್ಲಿ ಹತ್ತು ಗಜಗಳಿಂದ ಐವತ್ತು ಗಜಗಳೊಳಗೆ ಹೊಡೆಯುತ್ತಿದ್ದನೆಂದು ಪೋಪ್ ಬರೆದಿದ್ದಾನೆ. ಇದರ ಔಚಿತ್ಯವನ್ನು ಸರಳವಾದ ಗಣಿತದಿಂದ ತಿಳಿಯಬಹುದು. ಬಾಣದ ವೇಗವನ್ನು ಸೆಕೆಂಡಿಗೆ 120 ಅಡಿ ಎಂದೂ ಶಬ್ದದ ವೇಗವನ್ನು 1,100 ಅಡಿ ಎಂದೂ ಇಟ್ಟುಕೊಳ್ಳೋಣ. ಐವತ್ತು ಗಜ ದೂರದ ಜಿಂಕೆಯನ್ನು ಮುಟ್ಟಲು ಬಾಣಕ್ಕೆ ಒಂದೂಕಾಲು ಸೆಕೆಂಡು ಬೇಕು. ಹೆದೆಯ ಸದ್ದು ಅದಕ್ಕಿಂತ ಒಂದು ಸೆಕೆಂಡಿಗೂ ಹೆಚ್ಚು ಮೊದಲೇ ಅದರ ಕಿವಿಯನ್ನು ಮುಟ್ಟಿರುತ್ತದೆ. ಜಿಂಕೆಯು ಬೆಚ್ಚಿ ಮೈಯನ್ನು ಕುಗ್ಗಿಸಿ ನೆಗೆಯಲು ಅಷ್ಟು ಕಾಲ ಧಾರಾಳವಾಗಿ ಸಾಕು. ಹತ್ತು ಗಜಗಳಲ್ಲಿ ಬಾಣಕ್ಕೆ ಬೇಕಾಗುವುದು ಕಾಲು ಸೆಕೆಂಡು ಮಾತ್ರ. ಇದರ ಮೇಲೆ, ಬಾಣವು ಗುಂಡಿನಂತೆ ಆಘಾತದಿಂದ ಕೊಲ್ಲುವುದಿಲ್ಲ. ಶ್ವಾಸಕೋಶವನ್ನೋ ದೊಡ್ಡ ರಕ್ತನಾಳವನ್ನೋ ಕೊಯ್ದು, ನೆತ್ತರು ಹರಿಸಿ ಕೊಲ್ಲುತ್ತದೆ. ಆದುದರಿಂದ ಎಲ್ಲಿ ತಾಗಿತೆಂಬುದೇ ಸರ್ವಸ್ವ. ದೂರದಿಂದ ಹೊಡೆದ ಬಾಣ ತಪ್ಪಿದರೆ ಒಂದು ನಷ್ಟ. ತಪ್ಪಾಗಿ ತಾಗಿದರೆ ಮೃಗಕ್ಕೆ ದೀರ್ಘವಾದ ನೋವು, ಬೇಟೆಗಾರನಿಗೆ ಬರಿಗೈ.

ಗುರಿಹಲಗೆಗೆ ಹೊಡೆಯುವ ಪಂದ್ಯದಲ್ಲಿ ಇಷಿಯು ಸಾಧಾರಣ ಬಿಲ್ಲಾಳಾಗಿಯೇ ಕಂಡನೆಂದು ಪೋಪ್ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ದೂರದ ದೊಡ್ಡ ಹಲಗೆ ಆತನಿಗೆ ಅರ್ಥವಿಲ್ಲದ ಗುರಿ. ಹತ್ತಿರದ ಅಳಿಲು, ಕಾಡುಕೋಳಿಗಳು ಅರ್ಥವುಳ್ಳ ಗುರಿಗಳು. ಕೌಶಲವನ್ನು ಯಾವ ಮಾನದಿಂದ ಅಳೆಯುತ್ತೇವೆ ಎಂಬುದರ ಮೇಲೆ ಒಂದು ಜನದ ವಿದ್ಯೆಯ ಬೆಲೆ ನಿರ್ಧಾರವಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಇನ್ನು ಆಧಾರದ ಮಿತಿಗಳನ್ನು ವಿಚಾರಿಸಬೇಕು. ಇಷಿಯು ತನ್ನನ್ನು ಅನೇಕ ಸಲ ಜಿಂಕೆಯ ಬೇಟೆಗೆ ಕರೆದೊಯ್ದರೂ ಒಂದು ಜಿಂಕೆಯೂ ತಮ್ಮ ಬಾಣಕ್ಕೆ ಬೀಳಲಿಲ್ಲವೆಂದು ಪೋಪ್ ತಾನೇ ಒಪ್ಪಿಕೊಂಡಿದ್ದಾನೆ. ಹೊಸಬನೊಬ್ಬನು ಜೊತೆಯಲ್ಲಿದ್ದುದೂ ಬಿಳಿಯರಿಗೆ ಬಿಡುವಿಲ್ಲದುದೂ ಇದಕ್ಕೆ ಕಾರಣವೆಂದು ಆತನ ಅಭಿಪ್ರಾಯ. ಎಂದರೆ, ನಮ್ಮ ಮುಖ್ಯ ಸಾಕ್ಷಿಯು ಯಾಹಿಗಳ ಜಿಂಕೆಬೇಟೆ ಸಫಲವಾದುದನ್ನು ಕಣ್ಣಾರೆ ಕಂಡವನಲ್ಲ. ಅದರ ಸಿದ್ಧತೆಯನ್ನು ಕಂಡವನು. ಎರಡನೆಯದಾಗಿ, ಒಬ್ಬನ ಕೈಚಳಕವನ್ನು ಇಡೀ ಜನದ ಸಂಪ್ರದಾಯವೆಂದು ಭಾವಿಸುವುದು ಎಷ್ಟು ಸರಿ? ಇಷಿ ಮಾಡಿದ ಕಲ್ಲಿನ ಅಲಗುಗಳು ಯಾಹಿಗಳ ಹಳೆಯ ನೆಲೆಗಳಲ್ಲಿ ದೊರೆತವಕ್ಕಿಂತ ನೆರೆಯ ವಿಂಟು, ನೊಮ್ಲಾಕಿ ಜನರ ಅಲಗುಗಳನ್ನು ಹೆಚ್ಚು ಹೋಲುತ್ತವೆಯೆಂದು ಪುರಾತತ್ತ್ವಜ್ಞ ಸ್ಟೀವನ್ ಶ್ಯಾಕ್ಲಿ 1990ರ ದಶಕದಲ್ಲಿ ತೋರಿಸಿಕೊಟ್ಟನು. ಚದರಿಹೋದ ಜನರಲ್ಲಿ ರಕ್ತವೂ ವಿದ್ಯೆಯೂ ಬೆರೆತಿದ್ದಿರಬಹುದು. ‘ಶುದ್ಧ ಶಿಲಾಯುಗದ ಕೊನೆಯ ಮನುಷ್ಯ’ ಎಂದು ಅಂದಿನ ಪತ್ರಿಕೆಗಳು ಮಾಡಿದ ವರ್ಣನೆ ನಿಲ್ಲತಕ್ಕುದಲ್ಲ.

ಪೋಪ್ 1918ರಲ್ಲಿ ‘ಯಾಹಿ ಆರ್ಚರಿ’ ಎಂಬ ಪ್ರಬಂಧವನ್ನೂ 1923ರಲ್ಲಿ ಬಿಲ್ಲುಬೇಟೆಯನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನೂ ಪ್ರಕಟಿಸಿದನು. ಅಮೆರಿಕದಲ್ಲಿ ಬಿಲ್ಲುಬೇಟೆಯು ಕ್ರೀಡೆಯಾಗಿ ಮರುಹುಟ್ಟು ಪಡೆದುದಕ್ಕೆ ಈ ಗ್ರಂಥ ಬಹುಮಟ್ಟಿಗೆ ಕಾರಣ. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯವು ಬಿಲ್ಲಿನಿಂದ ಜಿಂಕೆಯ ಬೇಟೆಯಾಡಲು ಪ್ರತ್ಯೇಕವಾದ ಋತುವನ್ನು ಗೊತ್ತುಮಾಡಿತು. ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಪೋಪ್ ಇಷಿಯ ಬಿಲ್ಲನ್ನು ಕೈಗೊಳ್ಳಲಿಲ್ಲ. ಯೂ ಮರದ ಇಂಗ್ಲಿಷ್ ನೀಳಬಿಲ್ಲೇ ಮೇಲೆಂದು ಅದನ್ನೇ ಬಳಸಿದನು. ಇಷಿಯಿಂದ ಆತನಿಗೆ ಬಂದುದು ಉಪಕರಣವಲ್ಲ, ಕಾಯುವ ಮತ್ತು ಸಮೀಪಿಸುವ ಶಿಸ್ತು. ಆ ಶಿಸ್ತು ಯಾಹಿಗಳಲ್ಲಿ ಹಸಿವಿನಿಂದಲೂ ಭಯದಿಂದಲೂ ಹದಗೊಂಡಿತ್ತು. ಹೊಸಬರಲ್ಲಿ ಅದು ಬಿಡುವಿನ ದಿನಗಳ ಸಂಯಮವಾಯಿತು. ವಿದ್ಯೆಯು ಕೈ ಬದಲಾಯಿಸುವಾಗ ಅದರ ಅರ್ಥವೂ ಬದಲಾಗುತ್ತದೆ.

ಇಷಿಯು 1916ರ ಮಾರ್ಚ್ 25ರಂದು ಕ್ಷಯರೋಗದಿಂದ ತೀರಿಕೊಂಡನು. ದೇಹವನ್ನು ಕೊಯ್ಯಕೂಡದೆಂದು ಕ್ರೋಬರ್ ಬರೆದ ಪತ್ರ ತಡವಾಗಿ ಮುಟ್ಟಿತು. ಮಿದುಳನ್ನು ತೆಗೆದಿರಿಸಿ 1917ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಕಳುಹಿಸಲಾಯಿತು. 2000ದಲ್ಲಿ ಅದನ್ನು ಆತನ ನಂಟಿನ ಜನರಿಗೆ ಹಿಂದಿರುಗಿಸಿದರು. ಬೇಟೆಗೆ ಮುನ್ನ ಹೊಳೆಯಲ್ಲಿ ಮಿಂದು ದೇಹವನ್ನು ಅಷ್ಟು ಎಚ್ಚರದಿಂದ ಕಾಯ್ದುಕೊಂಡವನಿಗೆ, ಆತನನ್ನು ಗೌರವಿಸಿದ ವಿದ್ವಾಂಸರ ನಡುವೆಯೇ ಹೀಗಾಯಿತು. ಈ ಆಧಾರವನ್ನು ಬಳಸುವ ವಿದ್ಯಾರ್ಥಿಗಳು ಅದರೊಳಗಿನ ವಿದ್ಯೆಯ ಜೊತೆಗೆ ಅದು ನಮ್ಮ ಕೈಗೆ ಬಂದ ದಾರಿಯನ್ನೂ ಓದಬೇಕೆಂಬುದು ನಮ್ಮ ಅಭಿಪ್ರಾಯ. ಇಷಿಯು ಕಲಿಸಿದ್ದು ಆತನ ಜನರನ್ನು ಕೊಂದವರ ಮಕ್ಕಳಿಗೆ. ಆದರೂ ತಾನು ಬಲ್ಲದ್ದನ್ನು ಆತನು ತಾಳ್ಮೆಯಿಂದ ಕಲಿಸಿದನು. ಆತನು ಹಾಗೆ ಕಲಿಸಿರದಿದ್ದರೆ, ಹತ್ತಿರದ ಗುರಿಯ ಹಿಂದೆ ಎಷ್ಟು ದೀರ್ಘವಾದ ಸಿದ್ಧತೆಯಿರುತ್ತದೆ ಎಂಬುದು ಬರಹಕ್ಕೆ ಬರುತ್ತಿರಲಿಲ್ಲ.