ಪಾರ್ಶ್ವವಾಯು ತಡೆಗಟ್ಟುವಿಕೆ: ಆರೋಗ್ಯಕರ ಜೀವನಕ್ರಮ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ:

ಪಾರ್ಶ್ವವಾಯು ಅಥವಾ ಲಕ್ವ ಹೊಡೆಯುವುದು ಮುಪ್ಪಿನಲ್ಲಿ ಬರುವ, ಹಣೆಬರಹಕ್ಕೆ ಸೇರಿದ ಕಾಯಿಲೆ ಎಂಬ ಭಾವನೆ ಜನರಲ್ಲಿ ಇಂದಿಗೂ ಉಳಿದಿದೆ. ವಾಸ್ತವದಲ್ಲಿ ಬಹುಪಾಲು ಪ್ರಕರಣಗಳ ಹಿಂದೆ ಹಲವು ವರ್ಷಗಳಿಂದ ಗಮನಕ್ಕೆ ಬಾರದೆ ಬೆಳೆದ ಕಾರಣಗಳಿರುತ್ತವೆ. ಭಾರತವೂ ಸೇರಿದಂತೆ 32 ದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಇಂಟರ್‌ಸ್ಟ್ರೋಕ್ ಅಧ್ಯಯನವು, ಪಾರ್ಶ್ವವಾಯುವಿನ ಸುಮಾರು ಶೇ. 90ರಷ್ಟು ಅಪಾಯವು ಹತ್ತು ಅಂಶಗಳಿಗೆ ಸಂಬಂಧಿಸಿದೆ ಎಂದು ತಿಳಿಸಿದೆ. ಅಧಿಕ ರಕ್ತದೊತ್ತಡ, ದೈಹಿಕ ಚಟುವಟಿಕೆಯ ಕೊರತೆ, ರಕ್ತದಲ್ಲಿನ ಕೊಬ್ಬಿನ ಏರುಪೇರು, ಆಹಾರಕ್ರಮ, ಸೊಂಟದ ಬೊಜ್ಜು, ಮಾನಸಿಕ ಒತ್ತಡ, ಧೂಮಪಾನ, ಹೃದಯದ ಕಾಯಿಲೆ, ಮದ್ಯಪಾನ ಮತ್ತು ಮಧುಮೇಹ ಇವೇ ಆ ಹತ್ತು ಅಂಶಗಳು. ಇವೆಲ್ಲವುಗಳಲ್ಲಿ ಮೊದಲ ಸ್ಥಾನ ಅಧಿಕ ರಕ್ತದೊತ್ತಡದ್ದು. ಆದ್ದರಿಂದ ಈ ಪುಟದಲ್ಲಿ ರಕ್ತದೊತ್ತಡ ಹಾಗೂ ಅದಕ್ಕೆ ಕಾರಣವಾಗುವ ಉಪ್ಪಿನ ಬಳಕೆಯ ಬಗ್ಗೆ ಹೆಚ್ಚಿನ ವಿವರ ನೀಡಲಾಗಿದೆ.

ಪಾರ್ಶ್ವವಾಯು ಎಂದರೇನು?

ಮೆದುಳಿನ ಯಾವುದೇ ಭಾಗಕ್ಕೆ ರಕ್ತಸಂಚಾರ ನಿಂತುಹೋದಾಗ ಆ ಭಾಗದ ಜೀವಕೋಶಗಳು ಸಾಯತೊಡಗುತ್ತವೆ. ಇದುವೇ ಪಾರ್ಶ್ವವಾಯು. ಇದರಲ್ಲಿ ಮುಖ್ಯವಾಗಿ ಎರಡು ವಿಧಗಳಿವೆ.

1. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡು ಸಂಚಾರಕ್ಕೆ ಅಡಚಣೆಯಾಗುವುದು. ಹೆಚ್ಚಿನ ಪ್ರಕರಣಗಳು ಈ ವಿಧದವು.
2. ರಕ್ತನಾಳ ಒಡೆದು ಮೆದುಳಿನಲ್ಲಿ ರಕ್ತಸ್ರಾವವಾಗುವುದು.

ಮೆದುಳಿನ ಎಡಭಾಗಕ್ಕೆ ಹಾನಿಯಾದಲ್ಲಿ ದೇಹದ ಬಲಭಾಗವೂ, ಬಲಭಾಗಕ್ಕೆ ಹಾನಿಯಾದಲ್ಲಿ ದೇಹದ ಎಡಭಾಗವೂ ಸ್ವಾಧೀನ ಕಳೆದುಕೊಳ್ಳುತ್ತದೆ. ಬದುಕುಳಿದವರಲ್ಲಿ ಅನೇಕರಿಗೆ ನಡೆಯಲು, ಮಾತನಾಡಲು ಅಥವಾ ದುಡಿಯಲು ಸಾಧ್ಯವಾಗದೆ ಹೋಗುತ್ತದೆ. ದುಡಿಯುವ ವ್ಯಕ್ತಿ ಹಾಸಿಗೆ ಹಿಡಿದಾಗ ಮನೆಯ ಮತ್ತೊಬ್ಬರು ಆರೈಕೆಗಾಗಿ ಕೆಲಸ ಬಿಡಬೇಕಾಗುತ್ತದೆ; ಹೀಗೆ ಒಂದು ಕುಟುಂಬದ ಎರಡು ಆದಾಯಗಳು ಒಮ್ಮೆಗೇ ನಿಲ್ಲುವ ಸಂಭವವಿರುತ್ತದೆ.

ರಕ್ತದೊತ್ತಡದ ಪರೀಕ್ಷೆ:

ಅಧಿಕ ರಕ್ತದೊತ್ತಡವು ರಕ್ತನಾಳಗಳ ಗೋಡೆಗಳನ್ನು ದಿನದಿನಕ್ಕೂ ಗಡುಸಾಗಿಸಿ ಶಿಥಿಲಗೊಳಿಸುತ್ತದೆ. ಆದರೆ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ತಲೆನೋವು, ತಲೆಸುತ್ತು ಇಲ್ಲವೆಂಬ ಕಾರಣಕ್ಕೆ ಬಿ.ಪಿ. ಇಲ್ಲವೆಂದು ತಿಳಿಯುವುದು ಸರಿಯಲ್ಲ. ಅಳತೆ ಮಾಡಿಸುವುದೊಂದೇ ಅದನ್ನು ಅರಿಯುವ ಮಾರ್ಗ. ಬೇರೆ ಬೇರೆ ದಿನಗಳಲ್ಲಿ ಅಳೆದಾಗ ರಕ್ತದೊತ್ತಡವು 140/90 ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಅದನ್ನು ಅಧಿಕ ರಕ್ತದೊತ್ತಡವೆಂದು ಪರಿಗಣಿಸಲಾಗುತ್ತದೆ.

ಅಳತೆ ಮಾಡಿಸುವಾಗ ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು:

1. ಅದಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ಕಾಫಿ, ಟೀ ಕುಡಿಯಬಾರದು; ಬೀಡಿ, ಸಿಗರೇಟು ಸೇದಬಾರದು.
2. ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಬೆನ್ನಿಗೆ ಆಸರೆಯಿರಬೇಕು, ಪಾದಗಳು ನೆಲಕ್ಕೆ ತಾಗಿರಬೇಕು.
3. ತೋಳು ಹೃದಯದ ಮಟ್ಟದಲ್ಲಿರಬೇಕು. ಪಟ್ಟಿಯನ್ನು ಬಟ್ಟೆಯ ಮೇಲೆ ಕಟ್ಟಿಸಿಕೊಳ್ಳಬಾರದು.
4. ಅಳತೆಯ ಸಮಯದಲ್ಲಿ ಮಾತನಾಡಬಾರದು. ಒಂದೆರಡು ನಿಮಿಷ ಬಿಟ್ಟು ಎರಡನೆಯ ಬಾರಿ ಅಳೆಯುವುದು ಸೂಕ್ತ.

ಉಪ್ಪಿನ ಮಾಸಿಕ ಲೆಕ್ಕ:

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರೊಬ್ಬರು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪನ್ನು ಬಳಸಬೇಕು. ಭಾರತೀಯರ ಸರಾಸರಿ ಬಳಕೆ ಇದಕ್ಕಿಂತ ಬಹಳ ಹೆಚ್ಚು. ಅಡಿಗೆ ಮಾಡುವಾಗ ಪ್ರತಿಯೊಬ್ಬರ ಪಾಲಿನ ಉಪ್ಪನ್ನು ತೂಗುವುದು ಸಾಧ್ಯವಿಲ್ಲ. ಆದರೆ ತಿಂಗಳ ದಿನಸಿಯ ಚೀಟಿಯಿಂದ ಇದನ್ನು ಸುಲಭವಾಗಿ ಲೆಕ್ಕ ಹಾಕಬಹುದು.

ನಾಲ್ವರು ವಯಸ್ಕರಿರುವ ಮನೆಯಲ್ಲಿ ತಲಾ 5 ಗ್ರಾಂನಂತೆ ದಿನಕ್ಕೆ 20 ಗ್ರಾಂ, ಮೂವತ್ತು ದಿನಗಳಿಗೆ 600 ಗ್ರಾಂ ಆಗುತ್ತದೆ. ಅದೇ ಮನೆಯಲ್ಲಿ ತಿಂಗಳಿಗೆ ಒಂದು ಕೆ.ಜಿ. ಪ್ಯಾಕೆಟ್ ಅಡಿಗೆಗೆ ಖಾಲಿಯಾಗುತ್ತಿದ್ದಲ್ಲಿ ಪ್ರತಿಯೊಬ್ಬರ ಪಾಲಿಗೆ ದಿನಕ್ಕೆ 8 ಗ್ರಾಂ ಮೀರುತ್ತದೆ. ಅಂಗಡಿಯಿಂದ ತಂದ ಉಪ್ಪಿನಕಾಯಿ, ಹಪ್ಪಳ, ಚಿಪ್ಸ್, ಬ್ರೆಡ್, ಖಾರಾಬನ್ನು ಮತ್ತು ಕುರುಕಲು ತಿಂಡಿಗಳ ಮೂಲಕ ಸೇರುವ ಉಪ್ಪು ಈ ಲೆಕ್ಕದಲ್ಲಿ ಬಂದಿರುವುದಿಲ್ಲ. ಒಂದು ಕೆ.ಜಿ. ಪ್ಯಾಕೆಟ್ ಐವತ್ತು ದಿನ ಬರುವಂತೆ ನೋಡಿಕೊಳ್ಳುವುದನ್ನು ನಾಲ್ವರು ವಯಸ್ಕರಿರುವ ಕುಟುಂಬವು ಗುರಿಯಾಗಿ ಇಟ್ಟುಕೊಳ್ಳಬಹುದು.

ಇದಕ್ಕಾಗಿ ಅನುಸರಿಸಬಹುದಾದ ಕ್ರಮಗಳು:

1. ಊಟದ ಎಲೆ ಅಥವಾ ತಟ್ಟೆಗೆ ಪ್ರತ್ಯೇಕವಾಗಿ ಉಪ್ಪು ಬಡಿಸುವ ರೂಢಿಯನ್ನು ಬಿಡುವುದು.
2. ಅನ್ನ, ಮುದ್ದೆ, ರೊಟ್ಟಿ ಮತ್ತು ಚಪಾತಿ ಹಿಟ್ಟಿಗೆ ಉಪ್ಪು ಹಾಕದಿರುವುದು. ಸಾರು, ಪಲ್ಯಗಳಲ್ಲಿರುವ ಉಪ್ಪು ಸಾಕಾಗುತ್ತದೆ.
3. ಉಪ್ಪಿನಕಾಯಿ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಕರಾವಳಿಯಲ್ಲಿ ಒಣಮೀನು ಇವುಗಳನ್ನು ನಿತ್ಯದ ಊಟದಿಂದ ತೆಗೆದು ಅಪರೂಪಕ್ಕೆ ಮಾತ್ರ ಬಳಸುವುದು.
4. ಸೀಬೆ, ಸೌತೆಕಾಯಿ, ಮಾವಿನಕಾಯಿಗಳಿಗೆ ಉಪ್ಪು ಖಾರ ಸವರದೆ ತಿನ್ನುವುದು.
5. ನಿಂಬೆರಸ, ಹುಣಸೆ, ಕೊತ್ತಂಬರಿ, ಶುಂಠಿ, ಜೀರಿಗೆ, ಮೆಣಸು ಬಳಸಿ ರುಚಿ ಹೆಚ್ಚಿಸಿಕೊಳ್ಳುವುದು. ಉಪ್ಪನ್ನು ಹಂತ ಹಂತವಾಗಿ ಕಡಿಮೆ ಮಾಡಿದಲ್ಲಿ ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ಬಳಸುವ ಉಪ್ಪು ಅಯೋಡಿನ್‌ಯುಕ್ತವಾಗಿರಲಿ. ಸೋಡಿಯಂ ಭಾಗಶಃ ಕಡಿಮೆಯಿದ್ದು ಪೊಟ್ಯಾಸಿಯಂ ಸೇರಿಸಿದ ಉಪ್ಪು ಸಹ ದೊರೆಯುತ್ತದೆ. ಚೀನಾದ ಗ್ರಾಮಗಳಲ್ಲಿ ಸುಮಾರು 21 ಸಾವಿರ ಜನರನ್ನು ಒಳಗೊಂಡು ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂತಹ ಉಪ್ಪನ್ನು ಬಳಸಿದವರಲ್ಲಿ ಪಾರ್ಶ್ವವಾಯು ಪ್ರಕರಣಗಳು ಶೇ. 14ರಷ್ಟು ಕಡಿಮೆಯಾದವು. ಆದರೆ ಮೂತ್ರಪಿಂಡದ ಕಾಯಿಲೆ ಇರುವವರಿಗೆ ಮತ್ತು ಕೆಲವು ಬಿ.ಪಿ. ಔಷಧಿ ಸೇವಿಸುವವರಿಗೆ ಪೊಟ್ಯಾಸಿಯಂ ಅಪಾಯಕಾರಿಯಾಗಬಹುದು. ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು.

ಇತರ ಜೀವನಕ್ರಮಗಳು:

ತಂಬಾಕು: ಬೀಡಿ, ಸಿಗರೇಟಿನ ಹೊಗೆ ರಕ್ತನಾಳಗಳನ್ನು ಕಿರಿದಾಗಿಸಿ ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತದೆ. ಬಾಯಲ್ಲಿ ಜಗಿಯುವ ತಂಬಾಕು ಸಹ ಸುರಕ್ಷಿತವಲ್ಲ. ಧೂಮಪಾನ ಬಿಟ್ಟ 5ರಿಂದ 15 ವರ್ಷಗಳಲ್ಲಿ ಪಾರ್ಶ್ವವಾಯುವಿನ ಅಪಾಯವು ಸೇದದವರ ಮಟ್ಟಕ್ಕೆ ಇಳಿಯುತ್ತದೆ. ತಂಬಾಕು ತ್ಯಜಿಸಲು ಇಚ್ಛಿಸುವವರು ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಬಹುದು.

ದೈಹಿಕ ಚಟುವಟಿಕೆ: ವಾರಕ್ಕೆ ಕನಿಷ್ಠ 150 ನಿಮಿಷ, ಅಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆಯಂತೆ, ಬಿರುಸಾಗಿ ನಡೆಯಬೇಕು. ಒಂದೇ ಬಾರಿಗೆ ಸಾಧ್ಯವಾಗದಿದ್ದಲ್ಲಿ ಹತ್ತು ಹತ್ತು ನಿಮಿಷಗಳಾಗಿ ವಿಂಗಡಿಸಿಕೊಳ್ಳಬಹುದು. ಹೊಲ ಗದ್ದೆಗಳಲ್ಲಿ ದುಡಿಯುವವರಿಗೆ ವ್ಯಾಯಾಮದ ಕೊರತೆ ಇರದಿದ್ದರೂ ಬಿ.ಪಿ. ಬರಬಹುದು; ಅವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಆಹಾರ ಮತ್ತು ತೂಕ: ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ, ಸೊಪ್ಪು ಮತ್ತು ಹಣ್ಣು ಸೇವಿಸಬೇಕು. ರಾಗಿ, ಜೋಳ, ಹುರುಳಿ, ಮೊಳಕೆಕಾಳು, ಉಪ್ಪು ಕಡಿಮೆ ಹಾಕಿದ ಕೋಸಂಬರಿ ಮತ್ತು ಸೊಪ್ಪಿನ ಸಾರು ಉತ್ತಮ ಆಹಾರ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಬಳಸಬಾರದು. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮೀರದಂತೆ ನೋಡಿಕೊಳ್ಳುವುದು ಒಳಿತು.

ಮದ್ಯಪಾನ: ಮದ್ಯವು ರಕ್ತದೊತ್ತಡವನ್ನು ಏರಿಸುತ್ತದೆ ಹಾಗೂ ಹೃದಯದ ಬಡಿತದ ಲಯ ತಪ್ಪಿಸಬಲ್ಲದು. ಇದನ್ನು ತ್ಯಜಿಸುವುದೇ ಲೇಸು.

ಮಧುಮೇಹ ಮತ್ತು ಹೃದಯದ ಕಾಯಿಲೆ: ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡಬೇಕು. ನಾಡಿಬಡಿತ ಏರುಪೇರಾಗುತ್ತಿದ್ದಲ್ಲಿ ವೈದ್ಯರಿಗೆ ತೋರಿಸಬೇಕು. ಅಂತಹ ಹೃದಯದಲ್ಲಿ ಉಂಟಾದ ಹೆಪ್ಪು ಮೆದುಳಿಗೆ ಸಾಗುವ ಸಂಭವವಿರುತ್ತದೆ.

ಸಾರ್ವಜನಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು:

ಪ್ರಶ್ನೆ: ಬಿ.ಪಿ. ಸರಿಹೋದ ಮೇಲೆ ಮಾತ್ರೆ ನಿಲ್ಲಿಸಬಹುದೇ?
ಉತ್ತರ: ನಿಲ್ಲಿಸಬಾರದು. ರಕ್ತದೊತ್ತಡ ಸರಿಯಾಗಿರುವುದು ಮಾತ್ರೆಯ ಪರಿಣಾಮದಿಂದಲೇ. ತಾವಾಗಿಯೇ ನಿಲ್ಲಿಸಿದಲ್ಲಿ ಅದು ಮತ್ತೆ ಏರುತ್ತದೆ. ಉಪ್ಪು ಕಡಿಮೆ ಮಾಡಿ, ತೂಕ ಇಳಿಸಿಕೊಂಡವರಿಗೆ ಪ್ರಮಾಣವನ್ನು ತಗ್ಗಿಸುವ ಕುರಿತು ವೈದ್ಯರೇ ತೀರ್ಮಾನಿಸುತ್ತಾರೆ.

ಪ್ರಶ್ನೆ: ಕಲ್ಲುಪ್ಪು ಅಥವಾ ಸೈಂಧವ ಲವಣ ಬಳಸಿದರೆ ತೊಂದರೆಯಿಲ್ಲವೇ?
ಉತ್ತರ: ಅವುಗಳಲ್ಲಿಯೂ ಬಹುಪಾಲು ಇರುವುದು ಸೋಡಿಯಂ ಕ್ಲೋರೈಡ್. ರಕ್ತದೊತ್ತಡದ ಮಟ್ಟಿಗೆ ಹೆಚ್ಚಿನ ವ್ಯತ್ಯಾಸವಿಲ್ಲ.

ಪ್ರಶ್ನೆ: ಕೈಕಾಲು ಸೋತು ಕೆಲವೇ ನಿಮಿಷಗಳಲ್ಲಿ ತಾನಾಗಿಯೇ ಸರಿಹೋದರೆ ಆಸ್ಪತ್ರೆಗೆ ಹೋಗಬೇಕೆ?
ಉತ್ತರ: ಅಂದೇ ಹೋಗಬೇಕು. ಇದು ದೊಡ್ಡ ಪಾರ್ಶ್ವವಾಯುವಿನ ಮುನ್ಸೂಚನೆಯಾಗಿರಬಹುದು.

ಲಕ್ಷಣಗಳು ಕಂಡಾಗ:

ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲಿನ ಬಲ ಕುಂದುವುದು, ಮಾತು ತೊದಲುವುದು, ಇದ್ದಕ್ಕಿದ್ದಂತೆ ದೃಷ್ಟಿ ಮಂಜಾಗುವುದು ಅಥವಾ ನಡಿಗೆಯ ಹಿಡಿತ ತಪ್ಪುವುದು ಕಂಡುಬಂದಲ್ಲಿ ತಕ್ಷಣ 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ತರಿಸಬೇಕು. ಲಕ್ಷಣ ಆರಂಭವಾದ ಸಮಯವನ್ನು ನೆನಪಿಟ್ಟು ವೈದ್ಯರಿಗೆ ತಿಳಿಸಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಒಳಗೆ, ಮೆದುಳಿನ ಸ್ಕ್ಯಾನ್ ಮಾಡಿದ ನಂತರ ನೀಡಲಾಗುತ್ತದೆ. ಆದ್ದರಿಂದ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೇ ಕರೆದೊಯ್ಯಬೇಕು. ಎಣ್ಣೆ ಉಜ್ಜುವುದು, ನಾಟಿ ಔಷಧಿ ಕುಡಿಸುವುದು, ಬೆಳಗಾಗಲೆಂದು ಕಾಯುವುದು ಇವುಗಳಿಂದ ಈ ಸಮಯ ಕಳೆದುಹೋಗುತ್ತದೆ. ನುಂಗಲು ಕಷ್ಟವಿರುವುದರಿಂದ ರೋಗಿಗೆ ನೀರು, ಆಹಾರ ಅಥವಾ ಮಾತ್ರೆ ಕೊಡಬಾರದು.

ದೊರೆಯುವ ಸೌಲಭ್ಯ:

2010ರಲ್ಲಿ ಆರಂಭವಾಗಿ 2023ರಲ್ಲಿ ಅಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮವೆಂದು ಮರುನಾಮಕರಣಗೊಂಡ ರಾಷ್ಟ್ರೀಯ ಕಾರ್ಯಕ್ರಮದಡಿ, 30 ವರ್ಷ ಮೇಲ್ಪಟ್ಟ ಎಲ್ಲರಿಗೂ ರಕ್ತದೊತ್ತಡ ಹಾಗೂ ಮಧುಮೇಹದ ತಪಾಸಣೆಯನ್ನು ಉಚಿತವಾಗಿ ಮಾಡಲಾಗುತ್ತದೆ. ಇದಕ್ಕಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಅಥವಾ ತಮ್ಮ ಗ್ರಾಮದ ಆಶಾ ಕಾರ್ಯಕರ್ತೆಯನ್ನು ಸಂಪರ್ಕಿಸಬಹುದು.

ಮನೆಯ ಹಿರಿಯರೊಡನೆ ದುಡಿಯುವ ವಯಸ್ಸಿನವರೂ ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ ಪರೀಕ್ಷಿಸಿಕೊಂಡು, ಉಪ್ಪಿನ ಮಾಸಿಕ ಲೆಕ್ಕವನ್ನು ಇಂದಿನಿಂದಲೇ ಆರಂಭಿಸಿ, ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ.